ಬಣ್ಣ ಒಣಗುವ ತನಕ

ಗಾಡಿಗಳ ಫೈಬರ್ ಭಾಗಗಳಿಗೆ ಬಣ್ಣ ಹೊಡೆಯುವುದರಲ್ಲಿ ಮೌನೇಶ ಬಡಿಗೇರ ಎತ್ತಿದ ಕೈ. ಜೀಪಿನ ಬಾನೆಟ್ ಇರಲಿ, ಟೆಂಪೋದ ಬಂಪರ್ ಇರಲಿ, ಮೊದಲು ಅಚ್ಚಿನಿಂದ ಅಂಟಿ ಬಂದ ಮೇಣ ತೊಳೆಯುತ್ತಿದ್ದ. ಎಮರಿ ಪೇಪರಿನಿಂದ ತಿಕ್ಕಿ, ಸಣ್ಣ ಸಣ್ಣ ತೂತಿಗೆಲ್ಲ ಪುಟ್ಟಿ ತುಂಬಿ, ಮತ್ತೆ ತಿಕ್ಕಿ, ಆಮೇಲೆಯೇ ಬಣ್ಣ. ಬೇರೆ ಅಂಗಡಿ ಅಂತ ಇರಲಿಲ್ಲ. ಮನೆಯ ಅಂಗಳದಲ್ಲೇ ಕೆಲಸ.

ಒಂದು ಸಲ ಗುತ್ತಿಗೆದಾರ ಶಂಕರಗೌಡರು ತಮ್ಮ ಜೀಪಿನ ಬಾನೆಟ್ ಒಯ್ಯಲು ಬಂದರು. ಬಗ್ಗಿ ನೋಡಿ, "ಮೌನೇಶಾ, ಇಲ್ಲೊಂದು ಗುಂಗಾಡು ಹುಳ ಬಣ್ಣದಾಗ ಸತ್ತು ಮಲಗೈತಲ್ಲೋ! ಇದಕ್ಕ ಮಣ್ಣು ಮಾಡೂದು ಯಾವಾಗ?" ಎಂದರು. ಜೊತೆಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಮಾಷೆಯ ಮಾತು, ಗೌಡರು ಜೀಪು ಹತ್ತುವ ಮೊದಲೇ ಮರೆತರು. ಮೌನೇಶ ಮರೆಯಲಿಲ್ಲ. ಅವನಿಗೆ ಅಂದು ಊಟ ಸೇರಲಿಲ್ಲ.

ಮರುದಿನವೇ ಕೆಲಸ ಅಂಗಳದಿಂದ ಪಡಸಾಲೆಗೆ ಬಂತು. ಬೀದಿಯ ಧೂಳು ಒಳಗೆ ಬರಬಾರದೆಂದು ಮನೆಯ ಕಿಟಕಿಗಳಿಗೆಲ್ಲ ಹೊರಗಿನಿಂದ ಹಸಿ ಗೋಣಿಚೀಲ ಕಟ್ಟಿದ, ನೆಲಕ್ಕೆ ನೀರು ಚಿಮುಕಿಸಿದ, ಬಾಗಿಲು ಹಾಕಿದ. ಆ ಪುಣ್ಯಾತ್ಮನಿಗೆ ಹೊರಗಿನ ಧೂಳು ಕಂಡಿತು, ಗಾಜಿನ ಎಳೆಯಿಂದಾದ ಫೈಬರ್ ತಿಕ್ಕುವಾಗ ಒಳಗೆ ಏಳುವ ಗಾಜಿನ ಪುಡಿ ಮಾತ್ರ ಕಾಣಲಿಲ್ಲ. ಅದು ಹಾಸಿಗೆಯ ಮೇಲೆ ಬಿತ್ತು, ರೊಟ್ಟಿ ಹಿಟ್ಟಿನಲ್ಲೂ ಬಿತ್ತು. ತನ್ನ ಮೂಗಿಗೇನೋ ಟವೆಲ್ ಕಟ್ಟಿಕೊಂಡ. ಹೆಂಡತಿ ಚಂಪವ್ವನಿಗೆ ಮೊದಲು ಮೈ ಕೆರೆತ ಶುರುವಾಯಿತು, ಆಮೇಲೆ ಕೆಮ್ಮು, ಕೊನೆಗೆ ದಮ್ಮು.

"ರೀ, ಮೊದಲಿನಂಗ ಅಂಗಳದಾಗ ಮಾಡ್ರಿ. ನನಗ ಉಸರ ಸಿಗವಲ್ದು."

"ಇದೊಂದು ಮುಗೀಲಿ, ತಡಿ."

ಅದು ಮುಗಿದರೆ ಇನ್ನೊಂದು ಬರುತ್ತಿತ್ತು. ಚಂಪವ್ವ ತಾಳಿಕೊಂಡಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ!

ಕೆಲ ತಿಂಗಳ ಮೇಲೆ ಗೌಡರು ಇನ್ನೊಂದು ಬಾನೆಟ್ ಕಳಿಸಿದರು. ಈ ಸಲ ಒಂದು ಕೂದಲೆಳೆಯೂ ಕೂರಬಾರದು ಎಂದು ಮೌನೇಶ ಹಟ ಹಿಡಿದ. ಹೊಳಪಿನ ಕೊನೆಯ ಕೋಟು ಹೊಡೆಯುವ ದಿನ ಚಂಪವ್ವ ಬೆಳಿಗ್ಗೆಯಿಂದ ಒಳಕೋಣೆಯಲ್ಲಿ ಮಲಗಿದ್ದಳು. ಏದುಸಿರು ಬಿಡುತ್ತಲೇ ಕೂಗಿದಳು: "ರೀ, ನನ್ನ ಎಬ್ಬಿಸಿ ನಮ್ಮಣ್ಣನ ಮನಿಗೆ ಬಿಟ್ಟು ಬರ್ರಿ. ಆ ವಾಸನಿ ನನಗ ಆಗಂಗಿಲ್ಲ." ಅಣ್ಣ ಮಾನಪ್ಪನ ಮನೆ ಪಕ್ಕದ ಓಣಿಯಲ್ಲೇ ಇತ್ತು.

ಮೌನೇಶ ಕೈಯಲ್ಲಿದ್ದ ಡಬ್ಬಿ ನೋಡಿದ. "ಹಾರ್ಡ್ನರ್ ಹಾಕಿಬಿಟ್ಟೇನಿ. ಬೆರೆಸಿದ್ದು ಕಾಯಂಗಿಲ್ಲ, ಡಬ್ಬ್ಯಾಗ ಗಟ್ಟಿ ಆಗತೈತಿ. ಒಂದು ಕೋಟು ಹೊಡದು ಕರಕೊಂಡು ಹೋಗ್ತೇನಿ."

ಬಣ್ಣ ಕಾಯುವುದಿಲ್ಲ, ಹೆಂಡತಿ ಕಾಯುತ್ತಾಳೆ. ಅವನ ಬುದ್ಧಿ ಅಷ್ಟೇ ಓಡಿತು.

ಸ್ಪ್ರೇ ಹೊಡೆದು ಮುಗಿಸುವಷ್ಟರಲ್ಲಿ ಅವನ ಕಣ್ಣೇ ಉರಿಯತೊಡಗಿತು. ಚಂಪವ್ವನನ್ನು ಬಣ್ಣ ಒಣಗಿದ ಮೇಲೆ ಕರೆದೊಯ್ದರಾಯಿತು ಎಂದುಕೊಂಡು ಮೆಲ್ಲಗೆ ಹೊರಗೆ ನುಸುಳಿ, ಬಾಗಿಲೆಳೆದು, ಸಂದಿಗೆ ಹಸಿ ಚೀಲ ತುರುಕಿದ. ಯಾರೂ ಬಾಗಿಲು ತೆಗೆಯದಂತೆ ಕಟ್ಟೆಯ ಮೇಲೆ ಕಾವಲು ಕೂತ. ಹೊರಗಿನ ಗಾಳಿ ತಂಪಾಗಿತ್ತು, ಅವನು ಎದೆತುಂಬ ಎಳೆದುಕೊಂಡ.

ಒಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಒಳಕೋಣೆಯ ಕಿಟಕಿ ಬಡಿದ ಸದ್ದು. "ತಗೀರಿ... ಒಂದೀಟು ಕಿಟಕಿ ತಗೀರಿ..."

ಎದ್ದ. ಸುಳ್ಳು ಯಾಕೆ ಹೇಳಲಿ, ಎದ್ದೇ ಎದ್ದ. ಕಿಟಕಿಯ ಚೀಲಕ್ಕೆ ಕೈಯನ್ನೂ ಹಾಕಿದ. ಅಷ್ಟರಲ್ಲಿ ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಧೂಳೆಬ್ಬಿಸುತ್ತ ಹೋಯಿತು. ಕೈ ಹಿಂದಕ್ಕೆ ಬಂತು.

"ಇನ್ನೊಂದೀಟು ತಡಿ ಚಂಪಾ, ಬಣ್ಣ ಕೈಗೆ ಹತ್ತದಂಗ ಆಗಲಿ."

"ನಾನ ಹೊರಗ ಬರ್ಲೇನ್ರಿ?"

"ಬ್ಯಾಡ! ಬಾನೆಟ್ ಬಾಜೂಕ ದಾರಿ ಸಣ್ಣದೈತಿ, ಸೆರಗು ಬಣ್ಣಕ್ಕ ಹತ್ತೀತು!"

ಆಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ನಿದ್ದೆ ಹತ್ತಿರಬೇಕು ಪಾಪ ಎಂದುಕೊಂಡು ಮೌನೇಶ ಮತ್ತೆ ಕಟ್ಟೆಯ ಮೇಲೆ ಕೂತ.

ಬಿಸಿಲು ಇಳಿದ ಮೇಲೆ ಬಾಗಿಲು ತೆಗೆದ. ಆಹಾ, ಎಂಥ ಬಣ್ಣ! ಒಂದು ಕಣ ಧೂಳಿಲ್ಲ, ಒಂದು ಗುಳ್ಳೆಯಿಲ್ಲ. ಹಿಗ್ಗಿ ಹೀರೇಕಾಯಿಯಾಗಿ, "ಚಂಪಾ, ಬಾ ಇಲ್ಲಿ, ನೋಡು!" ಎಂದು ಕೂಗಿದ. ಒಳಕ್ಕೆ ನಡೆದ.

ಚಂಪವ್ವ ಒಳಕೋಣೆಯ ಹೊಸ್ತಿಲ ತನಕ ಬಂದಿದ್ದಳು. ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಬಣ್ಣಕ್ಕೆ ತಾಗದಿರಲೆಂದು ಸೆರಗನ್ನೆಲ್ಲ ಮುದುಡಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಮೈ ತಣ್ಣಗಾಗಿತ್ತು.

ಅಯ್ಯೋ ಶಿವನೇ, ಆಮೇಲೆ ಅವನು ಕಿಟಕಿ ಬಾಗಿಲೆಲ್ಲ ಕಿತ್ತು ತೆಗೆದ, ಬೀಸಣಿಗೆ ಹಿಡಿದು ಗಾಳಿ ಹಾಕಿದ, ಹೆಸರು ಹಿಡಿದು ಕೂಗಿದ. ಏನೂ ಪ್ರಯೋಜನವಾಗಲಿಲ್ಲ.

ಕೂಗು ಕೇಳಿ ಓಣಿಗೆ ಓಣಿಯೇ ಸೇರಿತು. ಮಾನಪ್ಪ ಓಡಿ ಬಂದು ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಅತ್ತು ಅತ್ತು ಮುಖ ಎತ್ತಿದ. "ಮೌನೇಶಪ್ಪಾ, ಇಷ್ಟು ದಮ್ಮು ಇದ್ದಾಕಿನ್ನ ಒಳಗಿಟ್ಟು ಬಾಗಲಾ ಯಾಕ ಹಾಕಿದ್ದಿ?"

ಎಲ್ಲರೂ ಮೌನೇಶನ ಬಾಯಿ ನೋಡುತ್ತಿದ್ದರು.  ಅವನ ಹತ್ತಿರ ಇದ್ದ ಉತ್ತರ ಒಂದೇ.

"ಬಣ್ಣದ ಮ್ಯಾಲೆ ಧೂಳು ಕೂಡತಿತ್ತು" ಎಂದ.

ನೀತಿ: ಕೆಲಸ ಚೊಕ್ಕವಾಗಿರಬೇಕು, ಆದರೆ ಮನೆಯವರ ಉಸಿರಿಗಿಂತ ದೊಡ್ಡ ಕೆಲಸ ಯಾವುದೂ ಇಲ್ಲ. ಕೆಟ್ಟ ಬಣ್ಣವನ್ನು ತಿಕ್ಕಿ ಇನ್ನೊಮ್ಮೆ ಹೊಡೆಯಬಹುದು, ಹೋದ ಜೀವ ತರಲಾಗದು. ಯಾರು ಸುಮ್ಮನೆ ತಾಳಿಕೊಳ್ಳುತ್ತಾರೋ, ಅವರ ಮಾತನ್ನೇ ಮೊದಲು ಕೇಳಬೇಕು.