ಮಸಾಲೆ ಡಬ್ಬಿಯಷ್ಟು ಆಂಪ್ಲಿಫೈಯರ್

"ಗುರುಗಳೇ, ಒಳ್ಳೆಯ ಕೇಳುಗನಾದವನು ಯಾರ ಪ್ರವಚನಕ್ಕೆ ಹೋಗಬೇಕು?" ಎಂದು ಶಿಷ್ಯ ಕೇಳಿದ. "ನಾನು ಹೋಗದ ಮಠವಿಲ್ಲ. ಒಬ್ಬರ ದನಿ ಸಣ್ಣದು. ಒಬ್ಬರ ಉಚ್ಚಾರಣೆ ಸರಿಯಿಲ್ಲ. ಮತ್ತೊಬ್ಬರ ಮೈಕೇ ಸರಿಯಿಲ್ಲ."

"ಮೈಕಿನವರೆಗೂ ಹೋಗಿದ್ದೀಯೆ. ಹಾಗಾದರೆ ಈ ಕತೆ ನಿನಗೆ ಅರ್ಥವಾಗಬೇಕು" ಎಂದು ಗುರುಗಳು ಹೇಳತೊಡಗಿದರು.

ಆಂಪ್ಲಿಫೈಯರ್ ಭಾರವಾದಷ್ಟೂ ನಾದ ಚೆನ್ನಾಗಿರುತ್ತದೆ ಎಂದು ಒಂದು ಊರಿನವರೆಲ್ಲ ನಂಬಿದ್ದರು. ಇನ್ನೊಂದನ್ನೂ ನಂಬಿದ್ದರು: ಅಲ್ಲಿನ ಬಟ್ಟೆ ವರ್ತಕನಷ್ಟು ಚೆನ್ನಾಗಿ ಕೇಳುವವನು ಸುತ್ತಮುತ್ತ ಎಲ್ಲೂ ಇಲ್ಲ. ಎರಡನ್ನೂ ಅವರಿಗೆ ಹೇಳಿಕೊಟ್ಟವನು ಆ ವರ್ತಕನೇ.

ಅವನ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರು ಹಿಡಿದರೆ ಮಾತ್ರ ಮೇಲೇಳುವ ಆಂಪ್ಲಿಫೈಯರ್ ಇತ್ತು. ಭಾನುವಾರ ಮಧ್ಯಾಹ್ನ ಗೆಳೆಯರು ಸೇರುತ್ತಿದ್ದರು. ಪದ್ಧತಿ ಕಟ್ಟುನಿಟ್ಟು. ಹಾಡು ನಡೆಯುವಾಗ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಒಬ್ಬೊಬ್ಬರಾಗಿ ನಾದದ ಬಗ್ಗೆ ಹೇಳಬೇಕು: ಮಂದ್ರ ಗಟ್ಟಿಯಿತ್ತೇ, ತಾರ ಚುಚ್ಚಿತೇ, ತಂಬೂರಿ ಬಿಡಿಯಾಗಿ ಕೇಳಿಸಿತೇ. ಹಾಡಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅದು ಕಿವಿಯಿದ್ದವರೆಲ್ಲ ಆಡುವ ಮಾತು. ವರ್ತಕನ ಸರದಿ ಕೊನೆಗೆ. ಅವನು ಹೇಳಿದ ಮೇಲೆ ಉಳಿದವರು ತಾವು ಹೇಳಿದ್ದನ್ನು ತಿದ್ದಿಕೊಳ್ಳುತ್ತಿದ್ದರು.

ಉಳಿದ ದಿನ ಸಂಜೆ ಅಂಗಡಿಯಿಂದ ಬಂದು ಒಬ್ಬನೇ ಕೇಳುತ್ತಿದ್ದ. ಅದೇ ಹೊತ್ತಿಗೆ ಹೆಂಡತಿ ದೇವರಿಗೆ ದೀಪ ಹಚ್ಚಿ ಒಂದು ಹಾಡು ಹೇಳುತ್ತಿದ್ದಳು. ಅವನು ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದ. ನಾದಕ್ಕೆ ಹೊರಗಿನ ಸದ್ದು ಸೇರಬಾರದು.

ಒಂದು ದಿನ ಆ ದೊಡ್ಡ ಆಂಪ್ಲಿಫೈಯರ್ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ ಎಂದರು ರಿಪೇರಿಯವರು. ಭಾನುವಾರ ಹತ್ತಿರ ಬಂತು. ಗೆಳೆಯರಿಗೆ ಬರಬೇಡಿ ಎನ್ನಲು ವರ್ತಕನಿಗೆ ಬಾಯಿ ಬರಲಿಲ್ಲ. ಊರಿನಲ್ಲಿ ಅವನ ಹೆಸರು ನಿಂತದ್ದೇ ಆ ಭಾನುವಾರಗಳ ಮೇಲೆ.

ಹೆಂಡತಿ ಪಟ್ಟಣದಲ್ಲಿದ್ದ ತನ್ನ ತಮ್ಮನಿಗೆ ಹೇಳಿ ಹೊಸದೊಂದನ್ನು ತರಿಸಿದಳು. ಅದು ಮಸಾಲೆ ಡಬ್ಬಿಯಷ್ಟಿತ್ತು. ವರ್ತಕ ಬಟ್ಟೆಯನ್ನು ಅಂಗೈಯಲ್ಲಿ ತೂಗಿ ಬೆಲೆ ಕಟ್ಟುವವನು. ಇದನ್ನೂ ತೂಗಿದ. ತೂಕವೇ ಇರಲಿಲ್ಲ. ಬೆಲೆ ಕೇಳಿದ. ಅವನ ಅಂಗಡಿಯಲ್ಲಿ ಆ ಬೆಲೆಗೆ ಒಂದು ಒಳ್ಳೆಯ ಸೀರೆ ಬರುತ್ತಿರಲಿಲ್ಲ. ಇದನ್ನು ನಾಲ್ಕು ಜನರ ಮುಂದೆ ಹೇಗೆ ಇಡುವುದೆಂದು ಅವನಿಗೆ ಆಗಲೇ ನಾಚಿಕೆ ಹತ್ತಿತು.

"ದನಿ ಸ್ವಚ್ಛವಾಗಿ ಬರುತ್ತದಂತೆ" ಎಂದಳು ಹೆಂಡತಿ. ಆಮೇಲೆ ಒಂದು ಹಳೆಯ ಕ್ಯಾಸೆಟ್ ಕೊಟ್ಟಳು. "ಭಾನುವಾರ ಇದನ್ನು ಹಾಕುತ್ತೀರಾ? ನಮ್ಮಪ್ಪ ರೆಕಾರ್ಡ್ ಮಾಡಿದ್ದು."

"ಆಗಲಿ. ನನ್ನ ಒಳ್ಳೆಯ ರೆಕಾರ್ಡುಗಳನ್ನು ಈ ಡಬ್ಬಿಗೆ ಕೊಟ್ಟು ಮಾನ ಕಳೆಯುವುದಕ್ಕಿಂತ ಅದೇ ವಾಸಿ" ಎಂದ.

ಭಾನುವಾರ ಅವನು ಡಬ್ಬಿಯನ್ನು ಕೆಟ್ಟುಹೋದ ಆಂಪ್ಲಿಫೈಯರಿನ ಹಿಂದೆ ಬಚ್ಚಿಟ್ಟ. ಬಂದವರಲ್ಲಿ ಔಷಧಿ ಅಂಗಡಿಯವನ ಕಣ್ಣು ಚುರುಕು.

"ಶೆಟ್ಟರೇ, ದೊಡ್ಡಣ್ಣನ ದೀಪವೇ ಉರಿಯುತ್ತಿಲ್ಲವಲ್ಲ?" ಎಂದು ಅವನು ದೊಡ್ಡ ಆಂಪ್ಲಿಫೈಯರ್ ತೋರಿಸಿದ.

ವರ್ತಕ ಡಬ್ಬಿಯನ್ನು ಹೊರಗೆ ತೆಗೆಯಬೇಕಾಯಿತು.

"ಇದೇನು, ಅಮ್ಮನವರು ಒಗ್ಗರಣೆಗೆ ಹುಡುಕುತ್ತಿಲ್ಲ ತಾನೇ?"

ಎಲ್ಲರೂ ನಕ್ಕರು. ವರ್ತಕನ ಕಿವಿ ಬಿಸಿಯಾಯಿತು. ಕ್ಯಾಸೆಟ್ ಹಾಕಿದ. ತಂಬೂರಿ ಮೊದಲಾಯಿತು. ಒಬ್ಬ ಹುಡುಗಿ ಹಾಡತೊಡಗಿದಳು.

ಅಷ್ಟು ವರ್ಷ ನಡೆದುಬಂದ ಮೌನವನ್ನು ಅಂದು ಮುರಿದವನು ವರ್ತಕನೇ. "ದನಿಗೆ ಮೈಯೇ ಇಲ್ಲ ನೋಡಿ" ಎಂದ. ಸ್ವಲ್ಪ ಬಿಟ್ಟು, "ನಮ್ಮ ಹಳೆಯದರಲ್ಲಿ ಕೇಳಬೇಕಿತ್ತು" ಎಂದ. ಪಲ್ಲವಿ ಬಂದಾಗಲೆಲ್ಲ ಒಂದೊಂದು ಕ್ಷಮೆ ಕೇಳಿದ. ಹೆಂಡತಿ ಯಾವಾಗಲೂ ಹಾಡು ಮುಗಿದ ಮೇಲೆ ಕಾಫಿ ತರುವವಳು. ಅಂದು ಮೊದಲೇ ತಂದು ಕೊಟ್ಟು, ಬರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಾಡಿದ್ದು ಯಾರು, ಶೆಟ್ಟರೇ?" ಎಂದು ಔಷಧಿ ಅಂಗಡಿಯವನು ಕೇಳಿದ.

"ಯಾರೋ ಕಲಿಯುವ ಹುಡುಗಿ. ದೊಡ್ಡ ವಿದುಷಿ ಹಾಡಿದ್ದರೂ ಈ ಡಬ್ಬಿಯಲ್ಲಿ ಹೀಗೆಯೇ ಕೇಳಿಸುತ್ತಿತ್ತು ಬಿಡಿ."

ಮತ್ತೆ ನಕ್ಕರು. ಈ ಸಲ ವರ್ತಕನೂ ಸೇರಿ ನಕ್ಕ. ಬಾಗಿಲಲ್ಲಿ ಆಗ ಯಾರೂ ಇರಲಿಲ್ಲ.

ಗೆಳೆಯರು ಹೋದ ಮೇಲೆ ಅವನು ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಡಬ್ಬಿಯ ದೋಷ ಇಂಥದ್ದೇ ಎಂದು ಹಿಡಿದು ಮುಂದಿನ ವಾರ ಹೇಳಿದರೆ ಹೋದ ಮಾನ ಅಷ್ಟಾದರೂ ಮರಳೀತು. ಸ್ಪೀಕರಿನ ಹತ್ತಿರ ಕೂತ. ಮಂದ್ರ ಗಟ್ಟಿಯಾಗಿತ್ತು. ತಾರ ಚುಚ್ಚಲಿಲ್ಲ. ಸಾಲಿಗೂ ಸಾಲಿಗೂ ನಡುವೆ ಹುಡುಗಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಹಾಡು ಮುಗಿಯಿತು. ಮಧ್ಯಾಹ್ನ ಗೆಳೆಯರೆದುರು ಇಲ್ಲಿಗೇ ನಿಲ್ಲಿಸಿದ್ದ. ಈಗ ಟೇಪು ಮುಂದಕ್ಕೆ ಓಡಿತು.

"ಸಾಕಾ, ಅಪ್ಪಾ?" ಎಂದಳು ಹುಡುಗಿ.

ವರ್ತಕನಿಗೆ ಕೂಡಲೇ ಎದ್ದು ಟೇಪು ನಿಲ್ಲಿಸಲೂ ಆಗಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ತಲೆ ತಗ್ಗಿಸಿಕೊಂಡೇ ಕೂತ.

ದೀಪ ಹಚ್ಚುವ ಹೊತ್ತಿಗೆ ಅವನು ಬಾಗಿಲು ತೆರೆದಿಟ್ಟ. ಹೆಂಡತಿ ದೀಪ ಹಚ್ಚಿದಳು. ಹಾಡಲಿಲ್ಲ. ಅವನು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತ.

"ಕಾಫಿ ಬೇಕಾ?" ಎಂದಳು ತಿರುಗಿ ನೋಡದೆ.

"ಬೇಡ" ಎಂದ.

ಅಂದಿನಿಂದ ಯಾರಾದರೂ ಅವನನ್ನು ಒಳ್ಳೆಯ ಕೇಳುಗ ಎಂದರೆ ಅವನು ನೆಲ ನೋಡುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಸ್ವಲ್ಪ ಕಾದು ನೋಡಿದ.

"ಗುರುಗಳೇ, ಆ ಡಬ್ಬಿಯಲ್ಲಿ ಕೊನೆಗೂ ಏನು ದೋಷ ಸಿಕ್ಕಿತು?" ಎಂದು ಕೇಳಿದ.

"ದೋಷವೇನೂ ಇರಲಿಲ್ಲ, ಹಾಡಿದವಳು ಅವನ ಹೆಂಡತಿ" ಎಂದರು ಗುರುಗಳು.