ನೊರೆಗೂಡಿನ ಕಾವಲು

ನೊರೆಗೂಡಿನಲ್ಲಿ ಮೊಟ್ಟೆಯಿಟ್ಟ ಹೆಂಡತಿಯನ್ನು ಬಿಟ್ಟು ಮರಗಪ್ಪೆರಾಯ ಮೊದಲ ಸಲ ಊರು ಸುತ್ತಲು ಹೊರಟಿದ್ದು ನಾಗರಪಂಚಮಿಯ ದಿನ. ತಿರುಗಿ ಬಂದಾಗ ಗೂಡಿನೊಳಗೆ ಗುಜುಗುಜು ಕೇಳಿಸಿತು.

“ಯಾರ್ರೋ ನೀವು, ನನ್ನ ಮನೇಲಿ?”

“ಜೀವಾಣುಗಳು, ಮಾವ. ಅತ್ತೆ ನೊರೆ ಕಡೆಯುವಾಗ ಅವಳ ಕಾಲಿಂದಲೇ ಇಳಿದೆವು. ಮೊಟ್ಟೆಗೆ ಬೂಷ್ಟು ಹತ್ತದಂತೆ ಕಾಯುತ್ತಿದ್ದೇವೆ.”

“ಕಾಲಿನ ಕೊಳೆಗೂ ಕಾವಲಿನ ಬಿಂಕವೇ!” ಎಂದವನೇ, ಹೆಂಡತಿ ಬೇಡಬೇಡವೆಂದರೂ, ಅಂಟುವಾಳದ ನೀರು ಎರಚಿ ಗೂಡು ತೊಳೆದ.

ಗುಜುಗುಜು ನಿಂತಿತು. ಬೂಷ್ಟು ಹಬ್ಬಿ ಮೊಟ್ಟೆಗಳೆಲ್ಲ ಕೊಳೆತವು.

“ಮಕ್ಕಳಿಗೆ ಒಳ್ಳೇದನ್ನೇ ಬಯಸಿದ್ದೆ ಕಣೇ.”

“ಬಯಸಿದಿರಿ. ಇದ್ದು ನೋಡಿಕೊಂಡವರನ್ನು ಒಂದು ಮಾತು ಕೇಳಲಿಲ್ಲ.”

ಕಪ್ಪೆರಾಯ ತಲೆ ತಗ್ಗಿಸಿ ಮತ್ತೆ ಊರು ಸುತ್ತಲು ಗಂಟು ಕಟ್ಟತೊಡಗಿದ. ಹೆಂಡತಿ ತಡೆಯಲಿಲ್ಲ.

“ಇನ್ನೊಮ್ಮೆ ಬಂದರೆ ಕಾಲು ತೊಳೆದುಕೊಂಡು ಬರಬೇಡಿ, ಆ ಕೊಳೆಯೂ ಕಾವಲಿಗೆ ಬೇಕು,” ಎಂದಳು ಅಷ್ಟೆ.