ಬೇರಿಗೂ ರೆಂಬೆಗೂ ನಡುವೆ

“ಬುದ್ಧಿ, ಇಬ್ಬರೂ ಒಳ್ಳೆಯವರೇ. ಆದರೂ ಒಂದು ಮನೆಯಲ್ಲಿ ಕೂಡಿ ಬಾಳಲು ಅವರಿಗೆ ಯಾಕೆ ಆಗುವುದಿಲ್ಲ?” ಎಂದು ಮರುಳಪ್ಪ ಮಠದಲ್ಲಿ ಗುರುಗಳನ್ನು ಕೇಳಿದ.

ಅವನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಎರಡನೆಯವಳನ್ನು ತಂದ ದಿನವೇ ಅವನು ಮಗಳಿಗೆ ‘ಅವ್ವಾ ಎಂದು ಕರಿ’ ಎಂದಿದ್ದ. ಹೆಂಡತಿಗೆ ‘ನಿನ್ನ ಮಗಳೆಂದೇ ತಿಳಿ’ ಎಂದಿದ್ದ. ಇಬ್ಬರೂ ಹೂಂ ಎಂದಿದ್ದರು. ಎರಡು ವರ್ಷ ಆ ಮನೆಯಲ್ಲಿ ಒಂದು ಏರುದನಿ ಕೇಳಿರಲಿಲ್ಲ. ಆಮೇಲೊಂದು ದಿನ ಹೆಂಡತಿ ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಯೊಂದನ್ನು ಹರಿದು ಕೌದಿಗೆ ಹಾಕಿದಳು. ಅದು ಸತ್ತವಳ ಸೀರೆ. ಅಂದಿನಿಂದ ಮಗಳು ಅವಳ ಕೈಯ ಅನ್ನ ಮುಟ್ಟಲಿಲ್ಲ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಬೆಟ್ಟದ ಮೇಲಿನ ತಂಪು ಸೀಮೆಯಲ್ಲಿ ಒಬ್ಬ ತೋಟಗಾರನಿದ್ದ. ಬೇರಿಕಾಯಿ, ಎಂದರೆ ಪೇರ್ ಹಣ್ಣು, ಬೆಳೆಯಬೇಕೆಂಬುದು ಅವನ ಆಸೆ. ಆದರೆ ಬೇರಿಮರ ತನ್ನ ಬೇರಿನ ಮೇಲೆ ಬೆಳೆದರೆ ಮುಗಿಲೆತ್ತರ ಹೋಗುತ್ತದೆ, ಹಣ್ಣಿಗೆ ಹತ್ತು ಹನ್ನೆರಡು ವರ್ಷ ಕಾಯಬೇಕು. ಅವನಿಗಾಗಲೇ ವಯಸ್ಸಾಗಿತ್ತು. ಅದೇ ಸೀಮೆಯಲ್ಲಿ ಕ್ವಿನ್ಸ್ ಎಂಬ ಕುಳ್ಳ ಗಿಡವೊಂದಿದೆ. ಹಣ್ಣು ಒಗರು. ಆದರೆ ಅದರ ಬೇರಿನ ಮೇಲೆ ಕಸಿ ಕಟ್ಟಿದ ಬೇರಿಮರ ಕೈಗೆಟಕುವಷ್ಟೇ ಬೆಳೆದು, ನಾಲ್ಕೇ ವರ್ಷಕ್ಕೆ ಫಲ ಕೊಡುತ್ತದೆ. ತೋಟಗಾರ ಎಲ್ಲಕ್ಕಿಂತ ಸಿಹಿಯಾದ ಬೇರಿಯ ಕಡ್ಡಿಗಳನ್ನು ಹುಡುಕಿ ತಂದು ಇಪ್ಪತ್ತು ಕ್ವಿನ್ಸ್ ಗಿಡಗಳಿಗೆ ಕಟ್ಟಿದ. ಇಪ್ಪತ್ತೂ ಹಿಡಿದವು. ನಾಲ್ಕನೆಯ ವರ್ಷ ರೆಂಬೆಗಳು ಬಾಗುವಷ್ಟು ಕಾಯಿ ಬಂತು. ಜನ ನೋಡಲು ಬಂದರು. ಅವನು ಬಂದವರಿಗೆಲ್ಲ ಮಡಿಲು ತುಂಬ ಹಣ್ಣು ಕೊಟ್ಟ.

ಐದನೆಯ ವರ್ಷದ ಗಾಳಿಗೆ ಒಂದು ಮರ ಬಿತ್ತು. ಮುರಿದದ್ದು ಕಸಿಯ ಜಾಗದಲ್ಲೇ. ಗಾಳಿಯನ್ನು ಬೈದುಕೊಂಡು ಅವನು ಉಳಿದ ಮರಗಳಿಗೆ ಬಿದಿರಿನ ಆಸರೆ ಕೊಟ್ಟ, ಹಗ್ಗ ಸುತ್ತಿ ಬಿಗಿದ. ಮರುವರ್ಷ ಏಳು ಮರ ಬಿದ್ದವು. ಅದರಲ್ಲಿ ಎರಡು, ಗಾಳಿಯೇ ಇಲ್ಲದ ದಿನ, ಹಣ್ಣಿನ ಭಾರಕ್ಕೆ ಬಿದ್ದವು. ಅವನು ಅವುಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ತನ್ನ ಕೈಯೇ ಕೆಟ್ಟದ್ದಿರಬೇಕು ಎನಿಸಿತು.

ಮೇಲಿನ ಹಟ್ಟಿಯಲ್ಲಿ ಕಸಿ ಕಟ್ಟುವುದರಲ್ಲೇ ಜೀವನ ಸವೆಸಿದ ಒಬ್ಬ ಮುದುಕಿಯಿದ್ದಳು. ಅವನು ಮುರಿದ ಬುಡವೊಂದನ್ನು ಹೊತ್ತುಕೊಂಡು ಅವಳಲ್ಲಿಗೆ ಹೋದ. ಮುದುಕಿ ಮುರಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ಒಂದು ಸಿಬಿರೂ ಇರಲಿಲ್ಲ. ಗರಗಸ ಹಾಕಿದಂತೆ ನುಣುಪಾಗಿತ್ತು.

“ತಮ್ಮಾ, ಇದು ಮುರಿದದ್ದಲ್ಲ. ಕೂಡಿಯೇ ಇರಲಿಲ್ಲ. ಮೇಲೆ ತೊಗಟೆ ಕೂಡಿತ್ತು, ನೀನು ಅಷ್ಟನ್ನೇ ನೋಡಿದೆ.”

“ಹಾಗಾದರೆ ತಪ್ಪು ಯಾವುದರದ್ದು ಅಜ್ಜಿ, ಬೇರಿನದ್ದೋ, ಕಡ್ಡಿಯದ್ದೋ?”

“ಯಾವುದರದ್ದೂ ಅಲ್ಲ. ಇದಕ್ಕೆ ಅದರ ಗುರುತಿಲ್ಲ, ಅದಕ್ಕೆ ಇದರ ಗುರುತಿಲ್ಲ. ಹಗ್ಗ ಬಿಗಿದರೆ ಗುರುತು ಸಿಗುತ್ತದೆಯೇ?”

ಅವಳು ಹಿತ್ತಲಿನ ಬೇರಿಮರವೊಂದನ್ನು ತೋರಿಸಿದಳು. ಅದರ ಹಣ್ಣನ್ನು ಯಾರೂ ಕೇಳುತ್ತಿರಲಿಲ್ಲ, ದನಕ್ಕೆ ಹಾಕುತ್ತಿದ್ದರು. ಆದರೆ ಆ ಮರ ಕ್ವಿನ್ಸಿಗೂ ಹೊಂದುತ್ತದೆ, ಸಿಹಿ ಬೇರಿಕಾಯಿಗೂ ಹೊಂದುತ್ತದೆ ಎಂದಳು. “ಮೊದಲು ಕ್ವಿನ್ಸಿನ ಮೇಲೆ ಇದನ್ನು ಕಟ್ಟು. ಒಂದು ವರ್ಷ ಬೆಳೆದ ಮೇಲೆ ಗೇಣುದ್ದ ಉಳಿಸಿ ಕತ್ತರಿಸಿ, ಅದರ ಮೇಲೆ ನಿನ್ನ ಸಿಹಿ ಬೇರಿಯನ್ನು ಕಟ್ಟು. ನಡುವಿನ ತುಂಡು ತಾನೇ ಚಿಗುರಲು ನೋಡುತ್ತದೆ, ಆ ಚಿಗುರನ್ನು ಚಿವುಟುತ್ತಿರು.”

ಮತ್ತೆ ಮೊದಲಿನಿಂದ ಶುರುಮಾಡುವ ಆಯುಸ್ಸು ತನಗಿದೆಯೋ ಇಲ್ಲವೋ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಕಡ್ಡಿಗಳನ್ನಂತೂ ತಂದ. ಉಳಿದ ಹನ್ನೆರಡು ಮರಗಳನ್ನು ಕ್ವಿನ್ಸಿನ ಬುಡ ಉಳಿಸಿ ತಾನೇ ಕಡಿದ. ಎರಡು ಸಲ ಕಸಿ ಕಟ್ಟಿದ, ಕಾದ. ಹೊಸ ಮರಗಳು ಹಣ್ಣು ಹೊತ್ತ ವರ್ಷ ಹಿಂದೆಂದೂ ಕಾಣದಂಥ ಗಾಳಿ ಬೀಸಿತು. ಅವನು ತೋಟಕ್ಕೆ ಓಡಿದ. ರೆಂಬೆಗಳು ಮುರಿದಿದ್ದವು, ಕಾಯಿ ನೆಲದ ತುಂಬ ಉದುರಿತ್ತು. ಮರ ಒಂದೂ ಬಿದ್ದಿರಲಿಲ್ಲ.

ಹಣ್ಣು ತಿಂದ ಜನ ಇದು ಯಾವ ತಳಿ ಎಂದು ಕೇಳಿದರು. ಮರದ ಗಿಡ್ಡತನ ನೋಡಿ ಯಾವ ಬೇರು ಎಂದು ಕೇಳಿದರು. ನಡುವಿನ ಗೇಣುದ್ದ ಮರದ ಬಗ್ಗೆ ಯಾರೂ ಕೇಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮರುಳಪ್ಪನ ಕಣ್ಣು ತುಂಬಿತ್ತು.

“ಬುದ್ಧಿ, ಇಬ್ಬರಿಗೂ ಹೊಂದುವ ಅಂಥ ಒಬ್ಬರನ್ನು ನಾನು ಎಲ್ಲಿಂದ ಹುಡುಕಿ ತರಲಿ?”

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ಅವರಿಬ್ಬರನ್ನೂ ಆ ಮನೆಯಲ್ಲಿ ಬಿಟ್ಟು ನೀನು ಇಲ್ಲಿಗೆ ಬಂದು ಎಷ್ಟು ತಿಂಗಳಾಯಿತು, ಮರುಳಪ್ಪ?”